ಮೂತ್ರಚೀಲಕ್ಕ ಇಂಜೆಕ್ಷನ್ ಮಾಡಿಸಿದೋರು ಯಾರಾದ್ರೂ ಅದೀರೇನ್ರಿ?

ಕೊಪ್ಪಳದಿಂದ, ಮಗಳು:

ನಮ್ಮವ್ವಗ 61. ಎರಡು ವರ್ಷ ಆತು, ಒಂದಕ್ಕ ಅವಸರ ಆತಂದ್ರ ಬಚ್ಚಲಮನಿ ಮುಟ್ಟೂತನಕ ತಡಿಯಾಕ ಆಗವಲ್ದು. ಹಗಲು ಹದಿನೈದು ಸಲ, ರಾತ್ರಿ ನಾಕು ಸಲ ಏಳ್ತಾಳ. ಹೋದ ಜನವರಿಯಾಗ ಗವಿಮಠದ ಜಾತ್ರಿಗೆ ಬರಲೇ ಇಲ್ಲ. ಓಣಿ ಮಂದಿ ಎಲ್ಲಾ ತೇರಿಗೆ ಹೊಂಟಾಗ "ಮೊಣಕಾಲು ನೋವು, ನೀವು ಹೋಗಿ ಬರ್ರಿ" ಅಂತ ಕುಂತುಬಿಟ್ಟಳು. ಮೊಣಕಾಲಲ್ಲ ಅಂತ ಗೊತ್ತಿದ್ದದ್ದು ನನಗೊಬ್ಬಾಕಿಗೇ. ಹುಣ್ಣಿಮಿಗೆ ಹುಲಿಗೆಮ್ಮನ ಗುಡಿಗೆ ಹೋಗೂದನ್ನೂ ಬಿಟ್ಟಾಳ.

ಎರಡು ನಮೂನಿ ಗುಳಿಗಿ ಆದ್ವು. ಸಾಲಿಫೆನಾಸಿನ್ ತಗೊಂಡಾಗ ಬಾಯಿ ಒಣಗಿ, ಎರಡಕ್ಕ ಸರಿಯಾಗಿ ಆಗ್ದಂಗಾತು. ಮಿರಾಬೆಗ್ರಾನ್ ಒಂಚೂರು ಗುಣ ಕೊಟ್ಟಿತು, ಅಷ್ಟ. ಈಗ ಹುಬ್ಬಳ್ಳಿ ಯೂರಾಲಜಿ ಡಾಕ್ಟರು ಮೂತ್ರಚೀಲಕ್ಕ ಬೊಟಾಕ್ಸ್ ಇಂಜೆಕ್ಷನ್ ಮಾಡೋಣು ಅಂದಾರ. ಅದು ವಿಷ ಅಂತ ಯಾರೋ ಅವ್ವಗ ಹೇಳ್ಯಾರ. ಸೂಜಿ ಎಲ್ಲಿ ಚುಚ್ತಾರ, ಆಮ್ಯಾಲ ಒಂದಕ್ಕ ಹೋಗಾಕ ಜೀವನಪೂರ್ತಿ ಪೈಪ್ ಹಾಕ್ಕೋಬೇಕೇನು ಅಂತ ರಾತ್ರಿಯೆಲ್ಲಾ ಕೇಳ್ತಾಳ. ಮಾಡಿಸಿದೋರು ಇದ್ದದ್ದು ಇದ್ದಂಗ ಹೇಳ್ರಿ.

ಬಳ್ಳಾರಿಯಿಂದ, ನಿವೃತ್ತ ಶಿಕ್ಷಕಿ:

ತಂಗಿ, ನಾನು ಮೂರು ಸಲ ಮಾಡಿಸಿಕೊಂಡಿದ್ದೇನೆ. ಅಮ್ಮನಿಗೆ ಓದಿ ಹೇಳಮ್ಮ.

ಶಾಲೆಯ ನಲ್ಲಿಯಲ್ಲಿ ನೀರು ಬೀಳುವ ಸದ್ದು ಕೇಳಿದರೆ ಸಾಕು, ನನಗೆ ಅವಸರ ಶುರುವಾಗುತ್ತಿತ್ತು. ಮನೆಯ ಬೀಗ ತೆಗೆಯುವಾಗಲೂ ಹಾಗೆಯೇ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಬೇಕೆಂದರೆ ಶೌಚಾಲಯದ ಪಕ್ಕದ ಬರ್ತನ್ನೇ ಕೇಳುತ್ತಿದ್ದೆ. ಮೊದಲು ತೋರಿಸಿದ ಕಡೆ ಪ್ರತಿ ಸಲವೂ "ಇನ್ಫೆಕ್ಷನ್" ಎಂದು ಆಂಟಿಬಯಾಟಿಕ್ ಬರೆದರು, ಮೂತ್ರದಲ್ಲಿ ರೋಗಾಣು ಇದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆಯನ್ನು ಒಮ್ಮೆಯೂ ಮಾಡಿಸಲಿಲ್ಲ. ಒಂದು ವರ್ಷ ಹೀಗೇ ಹೋಯಿತು. ಆ ವರ್ಷದ ಸಂಕಟ ಇವತ್ತಿಗೂ ಮರೆತಿಲ್ಲ.

ವಿಷ ಎಂಬ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು. ಒಂದು ಬ್ಯಾಕ್ಟೀರಿಯಾ ತಯಾರಿಸುವ ವಿಷವನ್ನೇ ಶುದ್ಧಮಾಡಿ, ಅತಿ ಸಣ್ಣ ಪ್ರಮಾಣದಲ್ಲಿ ಔಷಧಿಯಾಗಿ ಕೊಡುತ್ತಾರೆ. ಮೂತ್ರಚೀಲದ ಸ್ನಾಯುವಿಗೆ "ಹಿಂಡು" ಎಂದು ಹೇಳುವುದು ನರದ ತುದಿಯಿಂದ ಬರುವ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕ. ಈ ಔಷಧಿ ಅದು ಹೊರಬರದಂತೆ ತಡೆಯುತ್ತದೆ. ನಮ್ಮಂಥವರ ಚೀಲ ತುಂಬುವ ಮುಂಚೆಯೇ ಹಿಂಡಿಕೊಳ್ಳುತ್ತದಲ್ಲ, ಅದು ಸುಮ್ಮನಾಗುತ್ತದೆ. ಕೆಲವು ತಿಂಗಳಲ್ಲಿ ನರ ಮತ್ತೆ ಚೇತರಿಸಿಕೊಳ್ಳುತ್ತದೆ, ಆಗ ಔಷಧಿಯ ಗುಣ ಇಳಿಯುತ್ತದೆ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ನರದ ತೊಂದರೆ ಇರುವವರಿಗೆ 2011ರಲ್ಲಿ, ನಮ್ಮಂಥವರಿಗೆ 2013ರಲ್ಲಿ.

ಸೂಜಿ ಹೊಟ್ಟೆಗಲ್ಲ, ಬೆನ್ನಿಗೂ ಅಲ್ಲ. ಮೂತ್ರದ ದಾರಿಗೆ ಮರಗಟ್ಟಿಸುವ ಜೆಲ್ ಹಾಕಿ, ತೆಳುವಾದ ದುರ್ಬೀನನ್ನು ಒಳಗೆ ಬಿಡುತ್ತಾರೆ. ಅದರೊಳಗಿಂದಲೇ ಸೂಜಿ ಹೋಗುತ್ತದೆ. 100 ಯೂನಿಟ್ ಔಷಧಿಯನ್ನು 10 ಮಿಲಿಯಲ್ಲಿ ಕಲಸಿ, ಚೀಲದ ಗೋಡೆಯಲ್ಲಿ 20 ಜಾಗಕ್ಕೆ ಅರ್ಧರ್ಧ ಮಿಲಿ ಕೊಟ್ಟರು. ಹೊಕ್ಕುಳ ಕೆಳಗೆ ಒಳಗಿನಿಂದ ಕೆಂಪಿರುವೆ ಕಚ್ಚಿದ ಹಾಗೆ. ಹತ್ತರ ತನಕ ಎಣಿಸಿದೆ, ಆಮೇಲೆ ನರ್ಸಮ್ಮನ ಕೈ ಹಿಡಿದುಕೊಂಡೆ. ಕಾಲು ಗಂಟೆಯಲ್ಲಿ ಮುಗಿಯಿತು. ತೀರಾ ಹೆದರುವವರಿಗೆ ಮಂಪರು ಕೊಟ್ಟೂ ಮಾಡುತ್ತಾರೆ, ಅಮ್ಮನ ವಿಷಯದಲ್ಲಿ ಕೇಳಿ ನೋಡು. ಮೂತ್ರ ಹೋಗುತ್ತದೆಯೇ ಎಂದು ನೋಡಿಯೇ ಮನೆಗೆ ಬಿಟ್ಟರು. ಎರಡು ದಿನ ಉರಿ ಇತ್ತು, ಸ್ವಲ್ಪ ಕೆಂಪಗೆ ಹೋಯಿತು.

ಮೊದಲ ವಾರ ಏನೂ ಬದಲಾಗಲಿಲ್ಲ. ದುಡ್ಡು ದಂಡವಾಯಿತು ಎಂದು ಅತ್ತಿದ್ದೇನೆ. ಹತ್ತನೆಯ ರಾತ್ರಿ ಒಂದೇ ಸಲ ಎದ್ದೆ. ಬೆಳಗ್ಗೆ ಗಡಿಯಾರ ನೋಡಿ ನಂಬಲಾಗಲಿಲ್ಲ.

ಇನ್ನು ಪೈಪಿನ ವಿಷಯ, ಮುಚ್ಚಿಡುವುದಿಲ್ಲ. ಕೆಲವರಲ್ಲಿ ಚೀಲ ಬೇಕಾದ್ದಕ್ಕಿಂತ ಹೆಚ್ಚು ಸುಮ್ಮನಾಗಿ ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ. 100 ಯೂನಿಟ್ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ಸ್ವಲ್ಪ ಕಾಲ ಪೈಪ್ ಬೇಕಾಗುತ್ತದೆ. ಎರಡನೆಯ ಸಲ ನಾನೂ ಆ ಆರರಲ್ಲಿ ಒಬ್ಬಳಾದೆ. ಎರಡು ವಾರದ ತಪಾಸಣೆಯಲ್ಲಿ ಮೂತ್ರ ಹೊಯ್ದ ಮೇಲೂ ಚೀಲದಲ್ಲಿ ತುಂಬಾ ಉಳಿದಿತ್ತು. ದಿನಕ್ಕೆ ಮೂರು ಸಲ ನಾನೇ ಸಣ್ಣ ಪೈಪ್ ಹಾಕಿ ಖಾಲಿ ಮಾಡಿ ತೆಗೆಯಬೇಕಾಯಿತು. ಅದು ಸದಾ ಜೋಲಾಡುವ ಚೀಲದ ಪೈಪಲ್ಲ, ಹಾಕಿ ತೆಗೆಯುವುದು, ಎರಡೇ ನಿಮಿಷದ ಕೆಲಸ. ಐದು ವಾರಕ್ಕೆ ನಿಂತಿತು. ಅದಕ್ಕೇ ಹೇಳುತ್ತೇನೆ, ಇಂಜೆಕ್ಷನ್‌ಗೆ ಮುಂಚೆಯೇ ಅಮ್ಮನೋ ನೀನೋ ಅದನ್ನು ಕಲಿತುಕೊಳ್ಳಿ. ಕಲಿಯಲು ಮನಸ್ಸೇ ಇಲ್ಲ ಎಂದರೆ ಈ ಚಿಕಿತ್ಸೆಗೆ ಹೂಂ ಅನ್ನಬೇಡಿ. ನನಗೆ ಮುಂಚೆ ಕಲಿಸಿರಲಿಲ್ಲ. ಆ ಮೊದಲ ದಿನ, ಕೈಯಲ್ಲಿ ಕನ್ನಡಿ ಹಿಡಿದು, ನಡುಗುತ್ತಾ ಕುಳಿತದ್ದು ಯಾರಿಗೂ ಬೇಡ.

ನನಗೆ ಮೊದಲನೆಯದು ಏಳು ತಿಂಗಳು ಬಂತು, ಎರಡನೆಯದು ಎಂಟು. ಮೂರು ತಿಂಗಳೊಳಗೆ ಮತ್ತೆ ಕೊಡುವುದಿಲ್ಲ. ಖರ್ಚಿನಲ್ಲಿ ಔಷಧಿಯ ಬಾಟಲಿಯದೇ ದೊಡ್ಡ ಪಾಲು. ಬಾಟಲಿಗೆಷ್ಟು, ಆಸ್ಪತ್ರೆಗೆಷ್ಟು ಎಂದು ಬೇರೆ ಬೇರೆ ಬರೆಸಿಕೊಳ್ಳಿ. ಜಾತ್ರೆಗೆ ಕರೆದೊಯ್ಯುವ ಆಸೆ ಇದ್ದರೆ ಕನಿಷ್ಠ ಒಂದು ತಿಂಗಳು ಮುಂಚೆ ಮಾಡಿಸಿ. ಗುಣ ಕಾಣಲೂ, ಪೈಪ್ ಬೇಕೋ ಬೇಡವೋ ತಿಳಿಯಲೂ ಅಷ್ಟು ಸಮಯ ಬೇಕು.

ರಾಯಚೂರಿನಿಂದ, ಮಗ:

ನಮ್ಮಪ್ಪಂದು ಬ್ಯಾರೆ ಕತಿ ಅದ ಅಕ್ಕಾರ. ಆರು ವರ್ಷದ ಹಿಂದ ಸಿಂಧನೂರಾಗ ಭತ್ತದ ಲಾರಿ ಮ್ಯಾಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯ್ತು. ಅಂಥವ್ರಿಗೆ 200 ಯೂನಿಟ್, 30 ಜಾಗಕ್ಕ ಕೊಡ್ತಾರ. ಅಪ್ಪ ಮದ್ಲಿಂದನೂ ದಿನಕ್ಕ ಐದು ಸಲ ಪೈಪ್ ಹಾಕ್ಕೊಂತಾನ, ಅದಕ್ಕ ಪೈಪಿನ ಹೆದರಿಕಿ ಇರಲಿಲ್ಲ. ನಡುನಡುವ ಸೋರೋದು ನಿಂತದ್ದೇ ನಮಗ ದೊಡ್ಡದು. ಇಂಥವ್ರಿಗೆ ಚೀಲದೊಳಗ ಒತ್ತಡ ಏರಿದ್ರ ಕಿಡ್ನಿಗೆ ಹೊಡೆತ ಬೀಳ್ತದ, ಅದನ್ನ ಇಳಿಸೋದೂ ಈ ಇಂಜೆಕ್ಷನ್ನಿನ ಕೆಲಸ ಅಂತ ಡಾಕ್ಟರು ಹೇಳಿದ್ರು.

ಒಂದ್ ಮಾತು. ಸೋರ್ತದಂತ ನಮ್ಮ ಬ್ಯಾಸಗಿಯಾಗ ಅಪ್ಪ ನೀರು ಕುಡಿಯೋದೇ ಬಿಟ್ಟಿದ್ದ. ಮೂತ್ರ ಗಟ್ಟಿಯಾಗಿ ಉರಿ ಇನ್ನೂ ಹೆಚ್ಚಾಯ್ತು, ಇನ್ಫೆಕ್ಷನ್ ಆಗಿ ಚಳಿಜ್ವರ ಬಂತು. ಅಮ್ಮಗ ನೀರು ಬಿಡಿಸಬ್ಯಾಡ್ರಿ.

ಸಿರುಗುಪ್ಪದಿಂದ ಒಬ್ಬರು:

ನಾನೂ ಇದೇ ಇಂಜೆಕ್ಷನ್ ಕೊಡಿ ಅಂತ ಕೇಳ್ಕೊಂಡು ಹೋಗಿದ್ದೆ. "ಅವಸರ ಆಗಿ ಹೋಗುತ್ತೋ, ಕೆಮ್ಮಿದಾಗ, ಭಾರ ಎತ್ತಿದಾಗ ಹೋಗುತ್ತೋ?" ಅಂತ ಡಾಕ್ಟರ್ ಮೇಡಂ ಕೇಳಿದ್ರು. ನಂದು ಎರಡನೇದು. ಮೂರು ಹೆರಿಗೆ, ಗದ್ದೆ ಕೆಲಸ, ಹುಲ್ಲಿನ ಹೊರೆ. ಅದಕ್ಕೆ ಬೊಟಾಕ್ಸ್ ನಡೆಯಲ್ಲ ಅಂದ್ರು. ಮೂತ್ರ ತಡೆಯುವ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ರು, ಮೂರು ತಿಂಗಳು ಬಿಡದೆ ಮಾಡಿದೆ, ಮುಕ್ಕಾಲು ಪಾಲು ವಾಸಿ. ಅದಕ್ಕೂ ಬಗ್ಗದಿದ್ದರೆ ಮೂತ್ರನಾಳದ ಗೋಡೆ ಉಬ್ಬಿಸುವ ಜೆಲ್ ಇಂಜೆಕ್ಷನ್ ಬೇರೇನೇ ಇದೆ, ಆಪರೇಷನ್ನೂ ಇದೆ. ನಿಮ್ಮಮ್ಮಂದು ಯಾವುದು ಅಂತ ಮೊದಲು ಗಟ್ಟಿ ಮಾಡ್ಕೊಳ್ಳಿ.

ಬಳ್ಳಾರಿಯಿಂದ, ಸ್ಟಾಫ್ ನರ್ಸ್:

ಮೂತ್ರದಲ್ಲಿ ಇನ್ಫೆಕ್ಷನ್ ಇದ್ದರೆ ಆ ದಿನ ಇಂಜೆಕ್ಷನ್ ಕೊಡುವುದಿಲ್ಲ, ಆದ್ದರಿಂದ ಕಲ್ಚರ್ ರಿಪೋರ್ಟ್ ಕೈಯಲ್ಲಿರಲಿ. ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಕಾಯಿಲೆ, ಮಯಸ್ತೇನಿಯಾದಂಥ ಸ್ನಾಯು ದೌರ್ಬಲ್ಯ, ಏನಿದ್ದರೂ ಮುಂಚೆ ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆ ಇದ್ದವರಲ್ಲಿ ಮೂತ್ರ ಉಳಿಯುವುದು, ಇನ್ಫೆಕ್ಷನ್ ಆಗುವುದು ಹೆಚ್ಚು. ಇಂಜೆಕ್ಷನ್ ಆದ ಮೇಲೆ ಹೊಟ್ಟೆ ಉಬ್ಬಿ ಮೂತ್ರ ಬಾರದಿದ್ದರೆ, ಚಳಿಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ನುಂಗಲು, ಉಸಿರಾಡಲು ಕಷ್ಟವಾಗುವುದು ಬಲು ಅಪರೂಪ, ಆದರೆ ಹಾಗೇನಾದರೂ ಆದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಕೊಪ್ಪಳದಿಂದ, ಮಗಳು:

ಎಲ್ಲಾರದೂ ಅವ್ವಗ ಓದಿ ಹೇಳಿದೆ. ಶಿಕ್ಷಕಿ ಅಕ್ಕಾರ, "ಕೆಂಪಿರುವಿ ಕಚ್ಚಿದಂಗ" ಅಂದದ್ದಕ್ಕ ಅವ್ವ, "ಹೊಲದಾಗ ದಿನಾ ಕಚ್ಚಿಸ್ಕೊಂಡೀನಿ, ಅಷ್ಟ ಅಂದ್ರ ತಡಕೊಂತೀನಿ" ಅಂದ್ಲು.

ಡಾಕ್ಟರು ಮೂರು ದಿನದ ಲೆಕ್ಕ ಬರೀರಿ ಅಂದಿದ್ರು. ಅವ್ವಗ ಬರಿಯಾಕ ಬರೂದಿಲ್ಲ. ಎರಡು ಬಟ್ಟಲ ಇಟ್ಟೆ. ಒಂದಕ್ಕ ಹೋಗಿ ಬಂದಾಗೊಮ್ಮೆ ಒಂದ್ರಾಗ ಹುಣಸಿ ಬೀಜ, ಸೀರಿ ತೊಯ್ದಾಗೊಮ್ಮೆ ಇನ್ನೊಂದ್ರಾಗ. ಮೊದಲನೇ ದಿನ 19 ಮತ್ತು 6. ಕೆಮ್ಮಿದಾಗ ತೊಯ್ದದ್ದು ಒಮ್ಮೆನೂ ಇಲ್ಲ, ಎಲ್ಲಾ ಅವಸರದ್ದ. ಚಾ ಏಳು ಸಲ ಕುಡೀತಾಳ ಅನ್ನೂದೂ ಆಗ ಕಂಡಿತು. ಎರಡು ಸಲಕ್ಕ ಇಳಿಸಿದ್ವಿ, ನಾಕನೇ ದಿನಕ್ಕ 14 ಮತ್ತು 4 ಆತು. ಆದ್ರೂ ರಾತ್ರಿ ಏಳೂದು ತಪ್ಪಿಲ್ಲ.

ಕಲ್ಚರಿಗೆ ಕೊಟ್ಟು ಬಂದೀವಿ. ಪೈಪ್ ಹಾಕೂದು ನಾನ ಕಲಿತೀನಿ ಅಂತ ಹುಬ್ಬಳ್ಳಿಗೆ ಫೋನ್ ಮಾಡಿ ಹೇಳೀನಿ. ರಿಪೋರ್ಟ್ ಸರಿ ಬಂದ್ರ ಡಿಸೆಂಬರ್ ಮೊದಲನೇ ವಾರ ಇಂಜೆಕ್ಷನ್. ಬಟ್ಟಲ ಎತ್ತಿಡಾಕ ಹೋದ್ರ ಅವ್ವ ಬಿಡವಲ್ಲಳು. ಇಂಜೆಕ್ಷನ್ ಆದಮ್ಯಾಲೂ ಎಣಿಸಬೇಕಂತ ಹುಣಸಿ ಬೀಜ ತೊಳದು ಬಿಸಿಲಿಗೆ ಹಾಕ್ಯಾಳ.