ಅಪ್‌ಡೇಟ್: ಎಲೆ ಉದುರುತ್ತಿದ್ದ ಫೈಕಸ್ ಬೋನ್ಸಾಯ್ ಚಿಗುರಿದೆ

ನನ್ನ ಫೈಕಸ್ ಬೋನ್ಸಾಯ್ (ಕುಂಡದಲ್ಲಿ ಕುಳ್ಳಗೆ ಬೆಳೆಸಿದ ಆಲದ ಜಾತಿಯ ಮರ) ಎಲೆಗಳು ಹಳದಿಯಾಗಿ ಉದುರುತ್ತಿವೆ, ನೀರು ಸಾಲುತ್ತಿಲ್ವಾ ಅಂತ ಕೇಳಿದ್ದೆ ಅಲ್ವಾ? ಮಣ್ಣು ನೋಡಿ ಎಂದವರೇ ಸರಿ, ನೀರು ಕಮ್ಮಿಯಾಗಿರಲಿಲ್ಲ, ನಿಂತು ಬೇರು ಕೊಳೆಯುತ್ತಿತ್ತು.

ಕುಂಡದ ಮೇಲೆ ಅಂದಕ್ಕೆಂದು ಅಂಟಿಸಿದ್ದ ಬೆಣಚುಕಲ್ಲುಗಳನ್ನು ಕಿತ್ತೆ. ಕೆಳಗೆ ಜಿಗುಟು ಮಣ್ಣು, ಮುಗ್ಗಲು ವಾಸನೆ. ಕೆಲವು ಬೇರು ಕಪ್ಪಾಗಿ, ಹಿಚುಕಿದರೆ ಸಿಪ್ಪೆ ಜಾರಿ ಬರುತ್ತಿತ್ತು. ಅವನ್ನಷ್ಟೇ ಕತ್ತರಿಸಿದೆ. ಗಟ್ಟಿಯಾಗಿದ್ದ ಬೇರಿನ ತುದಿಯಲ್ಲಿ ಬಿಳಿ ಹಾಲು ಒಸರಿತು. ಅಂದರೆ ಆ ಬೇರು ಜೀವಂತ, ಅದನ್ನು ನೋಡಿ ನನಗೂ ಜೀವ ಬಂತು! ಈಗ ಪ್ಯೂಮಿಸ್ (ತೂತುತೂತಾದ ಹಗುರ ಜ್ವಾಲಾಮುಖಿ ಕಲ್ಲು) ಮತ್ತು ಲಾವಾ ಕಲ್ಲಿನ 3ರಿಂದ 6 ಮಿ.ಮೀ. ಚೂರುಗಳಲ್ಲಿ ನೆಟ್ಟಿದ್ದೇನೆ. ಸುರಿದ ನೀರು ಕೂಡಲೇ ತಳದ ತೂತಿನಿಂದ ಇಳಿದುಹೋಗುತ್ತದೆ.

ನೀರಿಗೆ ದಿನ ಗೊತ್ತುಮಾಡಿಲ್ಲ. ಮರದ ಕಡ್ಡಿಯೊಂದನ್ನು ಕುಂಡದೊಳಗೆ ಚುಚ್ಚಿಟ್ಟಿದ್ದೇನೆ. ಎಳೆದಾಗ ಇನ್ನೇನು ಒಣಗುತ್ತಿದೆ ಅನಿಸಿದರೆ ಪೂರ್ತಿ ನೆನೆಯುವಂತೆ ಹಾಕುತ್ತೇನೆ. ಎಲೆಗೆ ನೀರು ಚಿಮುಕಿಸುವುದು ಬಿಟ್ಟೆ, ಅದರಿಂದ ಬೇರಿಗೇನೂ ಸಿಗಲ್ಲ. ಜಾಗ ಮಾತ್ರ ಚೆನ್ನಾಗಿ ಬೆಳಕು ಬೀಳುವ ಕಿಟಕಿಯ ಪಕ್ಕಕ್ಕೆ ಬದಲಾಗಿದೆ.

ಬೋಳಾಗಿದ್ದ ಎರಡು ಕೊಂಬೆಗಳನ್ನು ಕತ್ತರಿಸಿಬಿಡಿ ಎಂದು ಕೆಲವರು ಹೇಳಿದ್ದರು. ತೊಗಟೆಯನ್ನು ಉಗುರಿನಲ್ಲಿ ಕೆರೆದಾಗ ಒಳಗೆ ಹಸಿರಿತ್ತು, ಹಾಗಾಗಿ ಮುಟ್ಟಲಿಲ್ಲ. ಈಗ ಒಂದರಲ್ಲಿ ಚೂಪು ಮೊಗ್ಗು ಬಿಚ್ಚಿ ಪುಟ್ಟ ಎಲೆ ಬಂದಿದೆ. ಇನ್ನೊಂದು ಸುಮ್ನೆ ಇದೆ. ಚಿಗುರು ಬಲಿತ ಮೇಲೆ ಗೊಬ್ಬರ. ಕೊಂಬೆ ಬಗ್ಗಿಸಿ ಆಕಾರ ಕೊಡಲು ತಂತಿ ಕಟ್ಟುವ ಆಸೆ ಸದ್ಯಕ್ಕಿಲ್ಲ.