ಪದಚರ್ಚೆ: ‘ಓದುವ ಸಾಮರ್ಥ್ಯ ಹೊಂದಿರುತ್ತಾನೆ’ ಬೇಕೇ, ‘ಓದಲು ಬರುತ್ತದೆ’ ಸಾಕೇ?

ಎಲ್ಲರಿಗೂ ನಮಸ್ಕಾರ.

ಒಂದು ಕೈಪಿಡಿಯ ಕೆಲಸ ಹಿಡಿದು ಕೂತಿದ್ದೇನೆ. ಪ್ರಾಥಮಿಕ ಶಾಲೆಯ ಮೇಷ್ಟ್ರು, ಮೇಡಂಗಳು ಹೊಸ ಕಲಿಕಾ ಮಾನದಂಡಗಳಿಗೆ ತಕ್ಕಂತೆ ತಮ್ಮ ಪಾಠವನ್ನು ಹೇಗೆ ಬದಲಿಸಿಕೊಳ್ಳಬಹುದು ಅಂತ ತಿಳಿಸುವ ಸಣ್ಣ ಪುಸ್ತಕ. ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೂರನೇ ಪುಟದಲ್ಲೇ ಗಾಡಿ ನಿಂತಿದೆ.

ಅಲ್ಲಿರುವ ವಿಷಯ ಇಷ್ಟೇ: ಮೂರನೇ ತರಗತಿ ಮುಗಿಯುವ ಹೊತ್ತಿಗೆ ಮಗು ಹಿಂದೆ ನೋಡಿರದ ಒಂದು ಚಿಕ್ಕ ಕತೆಯನ್ನು ತಾನೇ ಓದಿ ಅರ್ಥ ಮಾಡಿಕೊಳ್ಳಬೇಕು. ಹಳೆಯ ಕರಡಿನಲ್ಲಿ ಇದು ಹೀಗಿದೆ: ‘ಕಲಿಕಾರ್ಥಿಯು ಅಪರಿಚಿತ ಪಠ್ಯವನ್ನು ಸ್ವತಂತ್ರವಾಗಿ ವಾಚಿಸಿ ಅರ್ಥೈಸುವ ಸಾಮರ್ಥ್ಯವನ್ನು ಹೊಂದಿರುತ್ತಾನೆ.’ ಒಂದು ತರಬೇತಿಯಲ್ಲಿ ಈ ವಾಕ್ಯವನ್ನು ನಾನೇ ಗೋಡೆಯ ಮೇಲೆ ತೋರಿಸಿ ಓದಿದೆ. ಮುಂದಿನ ಸಾಲಿನಲ್ಲಿದ್ದ ಮೇಡಂ ಒಬ್ಬರು ಪಕ್ಕದವರನ್ನು ಮೆಲ್ಲಗೆ ಕೇಳಿದರು, ‘ಅಂದ್ರೆ ಓದೋಕೆ ಬರ್ಬೇಕು ಅಂತ ತಾನೇ?’

ಅವತ್ತಿನಿಂದ ಆ ‘ಬರ್ಬೇಕು’ ನನ್ನ ತಲೆ ಬಿಟ್ಟಿಲ್ಲ.

ಯಾವ ಶಾಲೆಯ ಸ್ಟಾಫ್ ರೂಮಿನಲ್ಲಾದರೂ ಕೂತು ಕೇಳಿ. ‘ಅವನಿಗೆ ಕಾಗುಣಿತ ಬರುತ್ತೆ, ಒತ್ತಕ್ಷರ ಬರಲ್ಲ.’ ‘ಇವಳಿಗೆ ಕೂಡೋದು ಬರುತ್ತೆ, ದಶಕ ತಗೊಂಡು ಕಳೆಯೋದು ಇನ್ನೂ ಬಂದಿಲ್ಲ.’ ‘ಸಾಮರ್ಥ್ಯ ಹೊಂದಿಲ್ಲ’ ಅಂತ ಯಾರೂ ಹೇಳುವುದಿಲ್ಲ. ಹೊಸ ಮಾನದಂಡಗಳು ಕೇಳುವುದೂ ಅದನ್ನೇ ಅಲ್ವಾ? ಏನು ಪಾಠ ಮಾಡಿದಿರಿ ಅಂತಲ್ಲ, ಮಗುವಿಗೆ ಏನು ಮಾಡಲು ಬಂತು ಅಂತ. ‘ಈಜೋದು ಹೇಗೆ ಅಂತ ಗೊತ್ತು, ಆದರೆ ಈಜಲು ಬರಲ್ಲ’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ‘ಗೊತ್ತು’ ಬೇರೆ, ‘ಬರುತ್ತದೆ’ ಬೇರೆ. ತರಬೇತಿಗಳಲ್ಲಿ ಅರ್ಧ ದಿನ ಹಿಡಿದು ಹೇಳುವ ವ್ಯತ್ಯಾಸ ನಮ್ಮ ಎರಡು ಮಾತಿನಲ್ಲೇ ಇದೆ.

ಇನ್ನೊಂದು ಲಾಭವೂ ಕಂಡಿತು. ‘ಹೊಂದಿರುತ್ತಾನೆ’ ಅಂದರೆ ತರಗತಿಯಲ್ಲಿ ಬರೀ ಹುಡುಗರೇ ಇದ್ದ ಹಾಗೆ. ‘ಓದಬಲ್ಲ’ ಅಂತ ಬರೆದರೆ ಚಿಕ್ಕದಾಗಿ, ಚೊಕ್ಕವಾಗಿರುತ್ತದೆ, ಆದರೆ ಅಲ್ಲೂ ಬಲ್ಲ, ಬಲ್ಲಳು, ಬಲ್ಲದು ಅಂತ ಆರಿಸಬೇಕು. ‘ಬರುತ್ತದೆ’ಗೆ ಆ ಗೋಜಿಲ್ಲ. ರಾಜುವಿಗೂ ಬರುತ್ತದೆ, ರಾಣಿಗೂ ಬರುತ್ತದೆ.

‘ಬಲ್ಲ’ ನನಗೆ ಇಷ್ಟದ ಪದವೇ. ಅದಕ್ಕೆ ‘ಓದಲಾರ’ ಅಂತ ಒಳ್ಳೆಯ ಜೋಡಿಯೂ ಇದೆ. ಆದರೆ ಅದಕ್ಕೆ ಭೂತಕಾಲ ಇಲ್ಲ. ಮೇಷ್ಟ್ರಿಗೆ ಬೇಕಾದದ್ದು ಭೂತಕಾಲವೇ. ಶಾಲೆ ಶುರುವಾದಾಗ ಹಿಂದಿನ ವರ್ಷದ ಕಲಿಕೆ ಗಟ್ಟಿ ಮಾಡಲು ಸೇತುಬಂಧ ಮಾಡುತ್ತಾರೆ, ಮೊದಲು ಪೂರ್ವ ಪರೀಕ್ಷೆ, ಕೊನೆಗೆ ಸಾಫಲ್ಯ ಪರೀಕ್ಷೆ. ಅಲ್ಲಿ ಬರೆಯಬೇಕಾದ ಷರಾ ‘ಜೂನ್‌ನಲ್ಲಿ ಬರುತ್ತಿರಲಿಲ್ಲ, ಈಗ ಬರುತ್ತದೆ’. ‘ಬಲ್ಲ’ ಇಟ್ಟುಕೊಂಡು ಇದನ್ನು ಹೇಗೆ ಬರೆಯೋದು?

ಹಾಗಂತ ‘ಬರುತ್ತದೆ’ ಪೂರ್ತಿ ಸಾಚಾ ಅಲ್ಲ. ‘ಪದ್ಯ ಬರುತ್ತೆ’, ‘ಹದಿಮೂರರ ಮಗ್ಗಿ ಬರುತ್ತೆ’ ಅಂದರೆ ಬಾಯಿಪಾಠ ಆಗಿದೆ ಅಂತಲೇ ಅರ್ಥ. ಪದ್ಯದ ತಿರುಳು ತಿಳಿದಿದೆಯೋ ಇಲ್ಲವೋ, ಆ ಮಾತೇ ಬೇರೆ. ನನ್ನ ಅಂದಾಜು: ‘ಬರುತ್ತದೆ’ ನಾಮಪದದ ಜೊತೆ ಕೂತರೆ ಬಾಯಿಪಾಠದ ಕಡೆ ವಾಲುತ್ತದೆ, ‘ಓದಲು’, ‘ಗುಣಿಸಲು’ ಥರದ ಕ್ರಿಯಾರೂಪದ ಜೊತೆ ಕೂತರೆ ಕೌಶಲದ ಕಡೆ ವಾಲುತ್ತದೆ. ‘ಇಂಗ್ಲಿಷ್ ಬರುತ್ತೆ’ ಈ ಲೆಕ್ಕಕ್ಕೆ ಸಿಗುವುದಿಲ್ಲ ಅನ್ನೋದೂ ಗೊತ್ತು. ವ್ಯಾಕರಣ ಬಲ್ಲವರು ತಿದ್ದಿ.

ಎರಡನೇ ತೊಡಕು ‘ಸಾಮರ್ಥ್ಯ’ ಅನ್ನುವ ಪದದ್ದೇ. 1991ರಲ್ಲಿ ‘ಕನಿಷ್ಠ ಕಲಿಕಾ ಮಟ್ಟ’ ಬಂದಾಗ ಪ್ರತಿ ತರಗತಿಗೂ ಸಾಮರ್ಥ್ಯಗಳ ಪಟ್ಟಿ ಇತ್ತು, ಒಂದೊಂದಕ್ಕೂ ನಂಬರ್. ಆ ಕಾಲದಲ್ಲಿ ಕೆಲಸಕ್ಕೆ ಸೇರಿದವರಿಗೆ ಸಾಮರ್ಥ್ಯ ಅಂದರೆ ಒಂದು ಚಿಕ್ಕ ತುಣುಕು. 2017ರಲ್ಲಿ ಶಾಲಾ ಪಠ್ಯಕ್ರಮ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಎಂಟನೇ ತರಗತಿವರೆಗಿನ ಕಲಿಕಾ ಫಲಗಳನ್ನು ಕೊಟ್ಟಿತು. ಆಮೇಲೆ 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು, 2023ರ ಶಾಲಾ ಶಿಕ್ಷಣದ ಚೌಕಟ್ಟು. ಈ ಎರಡರಲ್ಲೂ ಮೇಲೆ ಪಠ್ಯಕ್ರಮದ ಗುರಿ, ಅದರ ಕೆಳಗೆ ಸಾಮರ್ಥ್ಯ, ಅದರ ಕೆಳಗೆ ಕಲಿಕಾ ಫಲ. ಈಗ ಸಾಮರ್ಥ್ಯ ಅಂದರೆ ಇಡೀ ಹಂತ ಮುಗಿಯುವಾಗ ಕೈಗೂಡಬೇಕಾದದ್ದು. ಕಲಿಕಾ ಫಲ ಅಲ್ಲಿಗೆ ಹೋಗುವ ದಾರಿಯ ಗುರುತು. ಅದೇ ಪದ, ಅಳತೆ ಮಾತ್ರ ಬೇರೆ. ಹಳಬರು ಗಲಿಬಿಲಿಯಾದರೆ ಅವರ ತಪ್ಪೇನಿಲ್ಲ.

‘ಫಲ’ವೂ ಅಷ್ಟೇ. ದಾರಿಯ ನಡುವಿನ ಗುರುತಿಗೆ ಹಣ್ಣು ಅಂತ ಯಾಕೆ ಕರೆದರೋ! ಬಳಕೆಗೆ ಬಂದಾಗಿದೆ, ಅದನ್ನು ಬದಲಿಸುವ ಹುಚ್ಚು ನನಗಿಲ್ಲ. ಆದರೆ ನಮ್ಮ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆ, ನಲಿಕಲಿ, ನೆನಪಾಗುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಅದರ ಪದಗಳನ್ನು ನೋಡಿ: ಕಲಿಕಾ ಏಣಿ, ಮೆಟ್ಟಿಲು, ಮೈಲಿಗಲ್ಲು, ತಟ್ಟೆ. ತಟ್ಟೆ ಅಂದರೆ ಮಕ್ಕಳು ಕೂರುವ ಗುಂಪು, ಒಂದನೆಯದಕ್ಕೆ ಮೇಷ್ಟ್ರ ಪೂರ್ತಿ ನೆರವು. ‘ಇವನು ಇನ್ನೂ ಎರಡನೇ ಮೈಲಿಗಲ್ಲಲ್ಲಿದ್ದಾನೆ, ಒಂದನೇ ತಟ್ಟೆಯಲ್ಲಿ ಕೂರಿಸಿ’ ಅಂದರೆ ಮಗು ಎಲ್ಲಿದೆ, ಮೇಷ್ಟ್ರು ಏನು ಮಾಡಬೇಕು, ಎರಡೂ ತಿಳಿಯಿತು. ಇಂಥ ಪದ ಸಿಕ್ಕರೆ ಶಿಕ್ಷಕರಿಗೆ ಅರ್ಧ ತರಬೇತಿ ಆದ ಹಾಗೆ.

‘ಸ್ಟ್ಯಾಂಡರ್ಡ್’ ಬಗ್ಗೆ ಜಾಸ್ತಿ ಎಳೆಯುವುದಿಲ್ಲ. ನಮ್ಮ ಹಿರಿಯರಿಗೆ ಅದು ತರಗತಿ, ‘ಐದನೇ ಸ್ಟ್ಯಾಂಡರ್ಡ್’. ಧಾರವಾಡದ ಕಡೆ ಇಯತ್ತೆ. ಅದಕ್ಕೇ ‘ಮಾನದಂಡ’ ಉಳಿಸಿಕೊಂಡಿದ್ದೇನೆ, ‘ದಂಡ’ ಕೇಳಿ ಒಬ್ಬರು ನಕ್ಕರೂ.

ಭಾಷೆಯವರಾದ ನಿಮಗೆ ಮುಂದಿನದು ಹೆಚ್ಚು ಹಿಡಿಸಬಹುದು. ಚಿಕ್ಕ ಮಕ್ಕಳ ಓದು, ಲೆಕ್ಕ ಗಟ್ಟಿ ಮಾಡಲು ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಯೋಜನೆಯ ಗುರಿಗಳಲ್ಲಿ ಮೂರನೇ ತರಗತಿಗೆ ನಿಮಿಷಕ್ಕೆ ಕಡೇಪಕ್ಷ 60 ಪದ ಓದಬೇಕು ಅಂತಿದೆ. ಕನ್ನಡದಲ್ಲಿ ಪದ ಅಂದರೆ ಯಾವುದು? ‘ಹೋಗಬೇಕಾಗಿತ್ತಂತೆ’ ಒಂದೇ ಪದ. ‘ಮನೆಯೊಳಗಿಂದಲೇ’ ಒಂದೇ ಪದ. ಅಚ್ಚು ಹಾಕುವವರು ‘ಓದಿಬಿಟ್ಟ’ವನ್ನು ಒಡೆದು ‘ಓದಿ ಬಿಟ್ಟ’ ಅಂತ ಬರೆದರೆ ಮಗುವಿನ ವೇಗ ಏರಿಬಿಡುತ್ತದೆ! ಇದು ಬರೀ ತಮಾಷೆ ಅಲ್ಲ. 2022ರ ಮಾರ್ಚ್‌ನಲ್ಲಿ ಎನ್‌ಸಿಇಆರ್‌ಟಿ ಮೂರನೇ ತರಗತಿಯ ಮಕ್ಕಳ ಓದನ್ನು ಅಳೆದಾಗ ಭಾಷೆ ಭಾಷೆಗೂ ಬೇರೆ ಬೇರೆ ಮಟ್ಟ ಇಟ್ಟುಕೊಂಡಿತು. ಆದರೂ ಗಡಿಯಾರ ಹಿಡಿದು ಕೂತ ಮೇಷ್ಟ್ರಿಗೆ 60ರ ಅಂಕಿಯೇ ನೆನಪಿರುತ್ತದೆ. ಕೈಪಿಡಿಯಲ್ಲಿ ಈ ಗುರಿ ಬರುವ ಪುಟದಲ್ಲಿ ಕನ್ನಡದ ಪದವನ್ನು ಎಣಿಸುವುದು ಹೇಗೆ ಅಂತ ನಾಲ್ಕು ಸಾಲು ಸೇರಿಸಬೇಕು ಅಂತಿದ್ದೇನೆ.

ಇನ್ನು ಪಾಠ ಬದಲಿಸಿಕೊಳ್ಳುವ ಮಾತು. ‘ಅಳವಡಿಸು’ ಎಲ್ಲ ಕಡೆ ಇದೆ, ಆದರೆ ನನಗೆ ಅದು ಬಾವಿಗೆ ಪಂಪ್‌ಸೆಟ್ ಅಳವಡಿಸಿದ ಹಾಗೆ ಕೇಳುತ್ತದೆ. ಹೊರಗಿನಿಂದ ತಂದು ಕೂರಿಸುವುದು. ‘ಒಗ್ಗಿಸು’ ಹತ್ತಿರ, ಮಣ್ಣಿಗೆ ಗಿಡ ಒಗ್ಗಿದ ಹಾಗೆ. ಒಂದು ಉದಾಹರಣೆ ಕೊಡುತ್ತೇನೆ. ಮೂರನೇ ತರಗತಿಯ ಪರಿಸರ ಅಧ್ಯಯನದ ಒಂದು ಕಲಿಕಾ ಫಲ, ಸುತ್ತಮುತ್ತಲ ಗಿಡಮರಗಳ ಎಲೆ, ಕಾಂಡ, ತೊಗಟೆಯ ಆಕಾರ, ಬಣ್ಣ, ವಾಸನೆ ಗುರುತಿಸುವುದು. ‘ಎಲೆಯ ಭಾಗಗಳನ್ನು ಹೆಸರಿಸಿ’ ಅಂತ ಬೋರ್ಡಿನ ಮೇಲೆ ಬರೆದರೆ ಅದು ಆಗುವುದಿಲ್ಲ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ, ಬೇವು, ಹೊಂಗೆ, ಹುಣಸೆಯ ಎಲೆ ಆರಿಸಿ, ಮುಟ್ಟಿ, ಉಜ್ಜಿ ಮೂಸಿ ನೋಡಲು ಹೇಳಬೇಕು. ಹೊಂಗೆ ಇಲ್ಲದ ಊರಿನವರು ಗೇರು, ಹಲಸು ತಗೊಳ್ಳಬೇಕು. ಗುರಿ ಅದೇ, ದಾರಿ ಆಯಾ ಶಾಲೆಯದ್ದು. ಇದಕ್ಕೆ ‘ಪಾಠವನ್ನು ಒಗ್ಗಿಸಿಕೊಳ್ಳುವುದು’ ಅಂತ ಬರೆದರೆ ತೀರಾ ಆಡುಮಾತಾಯಿತು ಅನ್ನಿಸುತ್ತದಾ?

ಕಾಸರಗೋಡಿನ ಕನ್ನಡ ಶಾಲೆಗಳು ಕೇರಳದ ಪಠ್ಯಕ್ರಮ ನಡೆಸುತ್ತವೆ. ಜತ್, ಸೊಲ್ಲಾಪುರದ ಕಡೆಯವು ಮಹಾರಾಷ್ಟ್ರದ್ದು. ಅಲ್ಲಿನ ಶಿಕ್ಷಕರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ನಿಮ್ಮ ಪುಸ್ತಕಗಳಲ್ಲಿ ‘ಕಲಿಕಾ ಫಲ’ವೇ ಇದೆಯಾ, ಬೇರೆ ಪದವಾ? ನಿಮ್ಮಲ್ಲೂ ಮಗುವಿಗೆ ಓದಲಿಕ್ಕೆ ‘ಬರ್ತದೆ’ಯಾ, ‘ಆಗ್ತದೆ’ಯಾ? ಮಂಗಳೂರಿನ ಗೆಳೆಯರೊಬ್ಬರು ಎರಡನ್ನೂ ಬಳಸುತ್ತಾರೆ, ಅವೆರಡೂ ಒಂದೇ ಅಲ್ಲ ಅಂತ ನನಗೆ ಗುಮಾನಿ.

ಕರಡಿನಲ್ಲಿ ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಮಗುವಿಗೆ ಹೊಸ ಕತೆಯನ್ನು ತಾನೇ ಓದಿ ತಿಳಿದುಕೊಳ್ಳಲು ಬರುತ್ತದೆ.’ ‘ಮಗುವಿಗೆ’ ಆದಮೇಲೆ ಆ ‘ತಾನೇ’ ಸರಿ ಕೂರುತ್ತದಾ, ಅದನ್ನೂ ನೋಡಿ.