ಅಪ್‌ಡೇಟ್: ಬಿಎಸ್ಸಿ ಆದ್ಮೇಲೆ ಬಿಎಡ್‌ಗೇ ಸೇರ್ಕೊಂಡೆ

ಬಿಎಸ್ಸಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಮುಗ್ದಿದೆ, ಹೈಸ್ಕೂಲಲ್ಲಿ ಮ್ಯಾಥ್ಸು ಸೈನ್ಸು ಹೇಳ್ಕೊಡೋ ಆಸೆ, ಎಮ್ಮೆಸ್ಸಿ ಮಾಡ್ಲಾ ಬಿಎಡ್ ಮಾಡ್ಲಾ ಅಂತ ಕೇಳಿದ್ನಲ್ಲ, ಬಿಎಡ್‌ಗೇ ಸೇರ್ದೆ, ಈಗ ಸೆಕೆಂಡ್ ಇಯರ್. 2015ರಿಂದ ಕೋರ್ಸ್ ಎರಡು ವರ್ಷದ್ದು, ಅದ್ರಲ್ಲಿ 20 ವಾರ ಸ್ಕೂಲಲ್ಲೇ ಇರ್ಬೇಕು, ನನ್ ಪ್ರಕಾರ ಅಸಲಿ ಟ್ರೈನಿಂಗ್ ಅಂದ್ರೆ ಅದೇ. ಮೊನ್ನೆ ಹತ್ತನೇ ಕ್ಲಾಸಲ್ಲಿ ಪೀನ ಮಸೂರ ಹಿಡ್ದು ಕಿಟಕಿ ಆಚೆ ಇದ್ದ ತೆಂಗಿನಮರಾನ ಎದುರು ಗೋಡೆ ಮೇಲೆ ತಲೆಕೆಳಗಾಗಿ ಮೂಡ್ಸಿ ತೋರ್ಸಿದೆ, ಹಿಂದಿನ ಬೆಂಚ್ ಹುಡುಗ್ರೂ ಎದ್ ಬಂದು ಸ್ಕೇಲ್ ಇಟ್ಟು ಸಂಗಮ ದೂರ (ಮಸೂರದಿಂದ ಗೋಡೆ ಮೇಲಿನ ಚಿತ್ರಕ್ಕೆ ಇರೋ ದೂರ) ಅಳೆದ್ರು, ಎಷ್ಟ್ ಖುಷಿ ಆಯ್ತು ಗೊತ್ತಾ! ಲೆಸನ್ ಪ್ಲಾನ್ ಬರೆಯೋದು ಮಾತ್ರ ರಾತ್ರಿ ನಿದ್ದೆ ಕೆಡ್ಸುತ್ತೆ. ಟಿಇಟಿ (ಟೀಚರ್ ಆಗೋಕೆ ಬರೆಯೋ ಅರ್ಹತಾ ಪರೀಕ್ಷೆ) ಪೇಪರ್ 2 ಬಗ್ಗೆ ಹೇಳಿದವ್ರಿಗೆ ಥ್ಯಾಂಕ್ಸ್, ಅದು 6ರಿಂದ 8ನೇ ಕ್ಲಾಸ್‌ಗೆ, ಖಂಡಿತ ಬರೀತೀನಿ. ಎಮ್ಮೆಸ್ಸಿ ಆಮೇಲೆ ನೋಡ್ಕೊಂಡ್ರಾಯ್ತು.